ಕಡಲಿಗೆದುರು ಎರಡು ಕ್ಯಾರವಾನು

ಗದಗಿನ ಶಿವಪ್ರಕಾಶನ ಬಾಯಿಂದ “ನನಗೆ ಗೊತ್ತಿಲ್ಲ” ಎಂಬ ಮಾತು ಹೊರಬಿದ್ದದ್ದನ್ನು ಕೇಳಿದವರಿಲ್ಲ. ಮಸ್ಕತ್ತಿಗೆ ಬಂದ ಮೊದಲ ವಾರವೇ ಒಬ್ಬ ಒಮಾನಿ ಕಾರು ನಿಲ್ಲಿಸಿ ಅರಬ್ಬಿಯಲ್ಲಿ ದಾರಿ ಕೇಳಿದಾಗ ಇವನು ಗಂಭೀರವಾಗಿ ಕೈಚಾಚಿ ಎಡಕ್ಕೆ ತೋರಿಸಿದ್ದ. ಆತ ಶುಕ್ರನ್ ಎಂದು ಧನ್ಯವಾದ ಹೇಳಿ ಎಡಕ್ಕೇ ಹೋದ. ಆಮೇಲೆ ಅವನೇನಾದ ಎಂಬುದು ಈ ಕಥೆಗೆ ಸಂಬಂಧಪಟ್ಟದ್ದಲ್ಲ.

ಅದಾಗಿ ಐದು ವರ್ಷ. ಈಗ ಶಿವಪ್ರಕಾಶನಿಗೆ ರೂವಿಯ ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೆಲಸ, ಅಲ್ ಖುವೈರ್‌ನಲ್ಲಿ ಫ್ಲಾಟು, ತ್ರಿವೇಣಿ ಎಂಬ ಹೆಂಡತಿ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಆಶಿತಾ ಎಂಬ ಹತ್ತು ವರ್ಷದ ಮಗಳು. ಜೊತೆಗೆ ತ್ರಿವೇಣಿಯ ತಂಗಿ ಶುಭಾ. ಅವಳು ಅಲ್ಲಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ ಇವರ ಮನೆಯಲ್ಲೇ ಇದ್ದಳು.

ಶುಭಾಳ ಮದುವೆಯ ಜವಾಬ್ದಾರಿಯನ್ನು ಶಿವಪ್ರಕಾಶ ತಾನಾಗಿ ಹೊತ್ತುಕೊಂಡಿದ್ದ. ಯಾರೂ ಹೊರಿಸಿರಲಿಲ್ಲ. ಮೊದಲ ಸಂಬಂಧ ಬಂದಾಗ, ಹುಡುಗನ ತಂದೆಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದ ಕೂಡಲೇ ಅವರು ಇನ್ನೆಷ್ಟು ವರ್ಷ ಬದುಕಬಹುದೆಂದು ವಿಮೆಯ ಕೋಷ್ಟಕದ ಪ್ರಕಾರ ಊಟದ ತಟ್ಟೆಯ ಮುಂದೆಯೇ ಹೇಳಿಬಿಟ್ಟಿದ್ದ. ಎರಡನೆಯವರಿಗೆ, ಅವರ ಊರಿನ ಹೆಸರನ್ನು ಅವರೇ ತಪ್ಪಾಗಿ ಹೇಳುತ್ತಿದ್ದಾರೆಂದು ತಿದ್ದಿದ್ದ. ಎರಡು ಮನೆಯವರೂ ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದರು. ಇವತ್ತಿನವರೆಗೂ ತಿಳಿಸಿಲ್ಲ.

ಮೂರನೆಯದು ಕಿಶನ್. ಮೈಸೂರಿನ ಹುಡುಗ, ಮಸ್ಕತ್ತಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದ. ಅವನನ್ನು ಶುಭಾ ತಾನೇ ಕಂಡುಕೊಂಡಿದ್ದಳು. ಅವನ ತಂದೆತಾಯಿ ವಿಸಿಟ್ ವೀಸಾದ ಮೇಲೆ ಮಗನ ಹತ್ತಿರ ಬಂದಿದ್ದರು. ಅವರು ಮನೆಗೆ ಬರುವ ದಿನ ಬೆಳಿಗ್ಗೆ ಶುಭಾ ಭಾವನನ್ನು ಬಾಲ್ಕನಿಗೆ ಕರೆದಳು.

“ಮಾಮಾ, ಈ ಹುಡುಗ ನನ್ನ ಮನಸ್ಸಿಗೆ ಬಂದಾನ. ಎರಡು ಸಲ ಆತು, ನಾ ಏನೂ ಅನ್ನಲಿಲ್ಲ. ಇದೂ ಕೆಟ್ರ ನಾ ಮದಿವೀನ ಒಲ್ಲೆ. ನಿಮಗ ಕೈ ಮುಗೀತೀನಿ, ಈ ಸಲ ನೀವು ಏನೂ ಮಾಡಬ್ಯಾಡ್ರಿ.”

ಶಿವಪ್ರಕಾಶನ ಮನಸ್ಸು ಕರಗಿತು. “ನೀ ಏನೂ ಚಿಂತಿ ಮಾಡಬ್ಯಾಡವ್ವ,” ಎಂದ. “ಎಲ್ಲಾ ನಾನ ನೋಡ್ಕೊಂತೀನಿ.”

ಸಂಜೆ ಬಂದರು. ತಂದೆ ಕೆಂಪಣ್ಣ ತೆಳ್ಳಗೆ, ಕಪ್ಪಗೆ, ಮಾತು ಕಡಿಮೆ. ಒಮಾನಿನಲ್ಲೇ ರಸ್ತೆ ಕೆಲಸದ ಕಂಪನಿಯೊಂದರ ಸರ್ವೇ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ತಾಯಿ ಅಂಬುಜಮ್ಮ ಗಂಡ ಆಡದೆ ಉಳಿಸಿದ ಮಾತನ್ನೂ ಸೇರಿಸಿ ಆಡುತ್ತಿದ್ದರು. ಅವರು ಸೋಫಾದ ಮೇಲೆ ಕೂತು, ಪರದೆಯ ಬಣ್ಣ ಗಾಢವಾಯಿತೆಂದೂ, ಉಪ್ಪಿಟ್ಟಿಗೆ ಶುಂಠಿ ಹೆಚ್ಚಾಯಿತೆಂದೂ, ಹುಡುಗಿ ಫೋಟೋದಲ್ಲಿರುವುದಕ್ಕಿಂತ ಗಿಡ್ಡವೆಂದೂ ಹೇಳಿ, ಆಮೇಲೆ ವಿಷಯಕ್ಕೆ ಬಂದರು.

“ಅರ್ಧ ಗಂಟೆ ಕೂತು ಉಪ್ಪಿಟ್ಟು ತಿಂದು ಹುಡುಗಿ ನೋಡೋದ್ರಲ್ಲಿ ನಂಗೆ ನಂಬಿಕೆ ಇಲ್ಲ ಕಣ್ರೀ. ಎರಡು ದಿನ ಜೊತೇಲಿರ್ಬೇಕು. ಹಲ್ಲುಜ್ಜದೆ ಕೂತಾಗ ಮನುಷ್ಯರು ಹೇಗಿರ್ತಾರೆ ಅಂತ ನೋಡ್ಬೇಕು. ಎಲ್ಲಾದ್ರೂ ಸಮುದ್ರದ ಹತ್ರ ಹೋಗೋಣ. ನಮ್ಮನೆಯವ್ರು ಖಸಬ್‌ನಲ್ಲಿ ಹನ್ನೊಂದು ವರ್ಷ ಕ್ಯಾರವಾನ್‌ನಲ್ಲೇ ಇದ್ರು. ಬಾಗಿಲು ತೆಗೆದ್ರೆ ಸಮುದ್ರ. ಇಡೀ ದಿನ ಏಸಿ. ಅಡುಗೆಗೆ ಆಳು. ನಾನು ಅಲ್ಲಿ ಮೈಸೂರಲ್ಲಿ ಎಳೇ ಕೂಸು ಎತ್ಕೊಂಡು ಸೀಮೆಎಣ್ಣೆ ಕ್ಯೂನಲ್ಲಿ ನಿಂತಿದ್ರೆ, ಇವ್ರಿಲ್ಲಿ ಅಲೆ ಎಣಿಸ್ಕೊಂಡು ಕೂತಿದ್ರು. ಒಂದ್ಸಲಾನಾದ್ರೂ ಕರ್ಕೊಂಡು ಬಂದ್ರಾ, ಕೇಳಿ. ನಂಗೆ ಆ ಕ್ಯಾರವಾನ್‌ನಲ್ಲಿ ಎರಡು ದಿನ ಇರ್ಬೇಕು ಅಷ್ಟೆ.”

ಕೆಂಪಣ್ಣ ತಲೆಯೆತ್ತಿ ಫ್ಯಾನನ್ನು ನೋಡತೊಡಗಿದರು. ಫ್ಯಾನು ತಿರುಗುತ್ತಿರಲಿಲ್ಲ.

“ಕ್ಯಾರವಾನ್ ಏನ್ರಿ ಅಮ್ಮಾರ, ಅದೇನು ದೊಡ್ಡ ಮಾತು!” ಎಂದ ಶಿವಪ್ರಕಾಶ. “ಅದೆಲ್ಲಾ ನನಗ ಗೊತ್ತೈತಿ. ಬರೂ ಗುರುವಾರನ ಹೋಗೂಣು.”

ಒಳಗಿದ್ದ ಶುಭಾ ಕೈಯಲ್ಲಿದ್ದ ಚಹಾದ ಟ್ರೇ ಹಿಡಿದುಕೊಂಡೇ ಕಣ್ಣು ಮುಚ್ಚಿಕೊಂಡಳು.

ಶಿವಪ್ರಕಾಶನಿಗೆ ಕ್ಯಾರವಾನ್ ಬಗ್ಗೆ ಗೊತ್ತಿದ್ದದ್ದು ಇಷ್ಟು. ತ್ರಿವೇಣಿಯ ಚಿಕ್ಕಪ್ಪನ ಮಗ ವಿವೇಕ ನ್ಯೂಜಿಲೆಂಡಿನಿಂದ ಕಳಿಸಿದ ಒಂದು ಫೋಟೋದಲ್ಲಿ ಬಿಳಿ ಬಣ್ಣದ, ಚಕ್ರಗಳಿದ್ದ ಒಂದು ಮನೆಯಿತ್ತು. ಅದರ ಪಕ್ಕದಲ್ಲಿ ಪಟ್ಟೆಪಟ್ಟೆಯ ಚಪ್ಪರ, ಅದರ ಕೆಳಗೆ ಮಡಚುವ ಕುರ್ಚಿ, ಕುರ್ಚಿಯಲ್ಲಿ ಚಡ್ಡಿ ಹಾಕಿಕೊಂಡ ವಿವೇಕ. ಅಂಬುಜಮ್ಮನವರನ್ನು ಆ ಕುರ್ಚಿಯಲ್ಲಿ ಕೂರಿಸಿದರೆ ಮದುವೆ ನಿಶ್ಚಯವಾದಂತೆಯೇ ಎಂದು ಅವನ ಲೆಕ್ಕ.

ಜಾಗ ಆರಿಸುವ ಕೆಲಸವನ್ನು ಶಾಸ್ತ್ರೋಕ್ತವಾಗಿ ಶುರುಮಾಡಿದ. ಆಫೀಸಿನ ಕಂಪ್ಯೂಟರಿನಲ್ಲಿ ಹದಿನಾಲ್ಕು ಕಾಲಂಗಳ ಒಂದು ಪಟ್ಟಿ ಮಾಡಿ, ಕಡಲಿನಿಂದ ಎಷ್ಟು ದೂರ, ಗಾಳಿ ಯಾವ ಕಡೆಯದು, ಪಾಯಖಾನೆ ಎಂಥದು, ಹತ್ತಿರದಲ್ಲಿ ಮೀನು ಒಣಗಿಸುತ್ತಾರೋ ಎಂದೆಲ್ಲ ಬರೆದು ಪ್ರತಿಯೊಂದಕ್ಕೂ ಅಂಕ ಕೊಟ್ಟ. ಮೂರು ದಿನ ಕಂಪನಿಯ ಒಂದು ಕ್ಲೇಮೂ ಮುಂದೆ ಹೋಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಅಂಕ ಬಂದ ಜಾಗವನ್ನು ನಕ್ಷೆಯಲ್ಲಿ ಹುಡುಕಿದಾಗ ಅದು ನೀರಿನೊಳಗಿತ್ತು. ಎರಡನೆಯ ಜಾಗದವರು ಟೆಂಟು ನೀವೇ ತನ್ನಿ ಎಂದರು. ಚಕ್ರದ ಮನೆಗಳನ್ನು ಬಾಡಿಗೆಗೆ ಕೊಡುವವನು ಒಬ್ಬ ಸಿಕ್ಕಿದ. ಅವನ ಗಾಡಿಗಳೆಲ್ಲ ಫೆಬ್ರುವರಿಯವರೆಗೆ ಬುಕ್ ಆಗಿದ್ದವು. ಅಂದು ಸೋಮವಾರ, ಡಿಸೆಂಬರ್ ತಿಂಗಳು.

ಪಕ್ಕದ ಮೇಜಿನ ಇವಾನ್ ಉಡುಪಿಯ ಕಡೆಯವನು. ಶಿವಪ್ರಕಾಶನ ಕಟ್ಟಡದಲ್ಲೇ ಮೇಲಿನ ಮಹಡಿಯ ವಾಸಿ. ಅವನು ಇವನ ನಿಟ್ಟುಸಿರು ಕೇಳಲಾರದೆ ತಿರುಗಿದ. “ಕ್ಯಾರವಾನಾ? ಅದಕ್ಕೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಘಾಲಾಕ್ಕೆ ಹೋಗಿ. ಅಲ್ಲಿ ಸಾಲಿಗೆ ಇಟ್ಟಿದ್ದಾರೆ. ಅಫ್ರಾಜ್ ಅಂತ ನಮ್ಮ ಊರಿನವರು, ನಂಬರ್ ಕೊಡ್ತೇನೆ.”

“ನನಗ ಗೊತ್ತಿತ್ತು,” ಎಂದು ಶಿವಪ್ರಕಾಶ ನಂಬರು ಬರೆದುಕೊಂಡ.

ಇಲ್ಲಿ ಕಥೆಯನ್ನು ಒಂದು ಗಳಿಗೆ ನಿಲ್ಲಿಸಿ ಓದುಗರಿಗೆ ಒಂದು ಮಾತು ಹೇಳಿಬಿಡುವುದು ನ್ಯಾಯ. ಜಗತ್ತಿನ ಬೇರೆ ಕಡೆ ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಮನೆ ಇರಬಹುದು. ಗಲ್ಫಿನಲ್ಲಿ ಬೆವರು ಸುರಿಸಿದವರನ್ನು ಕೇಳಿ ನೋಡಿ. ಅಲ್ಲಿ ಅದು ತಗಡು, ಪ್ಲೈವುಡ್ಡಿನ ಡಬ್ಬಿಮನೆ. ಕ್ರೇನಿನಿಂದ ಎತ್ತಿಟ್ಟು ಒಳಗೆ ಮೇಜು ಹಾಕಿದರೆ ಸೈಟ್ ಆಫೀಸು, ಮಂಚ ಹಾಕಿದರೆ ಕೆಲಸಗಾರರ ವಸತಿ. ಅಂಥವು ಸಾಲಾಗಿ ಇರುವ ಜಾಗಕ್ಕೆ ಕ್ಯಾಂಪ್ ಎನ್ನುತ್ತಾರೆ. ಇದು ಗೊತ್ತಾಗದೆ ಒಮಾನಿನಲ್ಲಿ ಐದು ವರ್ಷ ಇರಬೇಕಾದರೆ ಮನುಷ್ಯ ಏಸಿ ಫ್ಲಾಟಿನಿಂದ ಏಸಿ ಕಾರಿಗೆ, ಏಸಿ ಕಾರಿನಿಂದ ಏಸಿ ಆಫೀಸಿಗೆ ಓಡಾಡುತ್ತ ಯಾರನ್ನೂ ಏನನ್ನೂ ಕೇಳದೆ ಬದುಕಿರಬೇಕು. ಶಿವಪ್ರಕಾಶ ಹಾಗೆಯೇ ಬದುಕಿದ್ದ.

ಘಾಲಾದಲ್ಲಿ ಗ್ಯಾರೇಜುಗಳ ಸಾಲಿನ ಹಿಂದೆ ಅಫ್ರಾಜರ ಅಂಗಳ. ಅಲ್ಲಿ ನಿಂತಿದ್ದ ಇಪ್ಪತ್ತು ಡಬ್ಬಿಮನೆಗಳನ್ನು ಗೋದಾಮುಗಳೆಂದು ತಿಳಿದು ಶಿವಪ್ರಕಾಶ ದಾಟಿಕೊಂಡು ಹೋದ. ಅಫ್ರಾಜರ ಆಫೀಸೂ ಒಂದು ಕ್ಯಾರವಾನೇ. ಅದರೊಳಗೆ ಕೂತು, ತನಗೊಂದು ಕ್ಯಾರವಾನ್ ಬೇಕೆಂದು ಕೇಳಿದ.

“ಎಷ್ಟು ಜನಕ್ಕೆ?”

“ಏಳು ಮಂದಿ ರಿ. ಸಮುದ್ರದ ಬಾಜೂಕ ಇರಬೇಕು.”

“ಸೈಟ್ ಎಲ್ಲಿ?”

“ಸೈಟ್ ನೀವ ಹೇಳ್ರಿ. ಸಮುದ್ರ ಕಂಡ್ರ ಸಾಕು.”

ಅಫ್ರಾಜ್ ಪೆನ್ನು ಕೆಳಗಿಟ್ಟರು. “ಎಷ್ಟು ತಿಂಗಳಿಗೆ?”

“ಎರಡು ದಿನ.”

“ಓ, ಶಟ್‌ಡೌನ್ ಕೆಲಸವಾ?” ಕಾರ್ಖಾನೆ ನಿಲ್ಲಿಸಿ ಮಾಡುವ ರಿಪೇರಿ ಇರಬೇಕೆಂದು ಅಫ್ರಾಜ್ ಎಣಿಸಿದರು.

“ಹೌದ್ರಿ, ಪೂರಾ ಶಟ್‌ಡೌನ್. ಫೋನ್ ಸೈತ ಆಫ್ ಮಾಡಿಬಿಡೂದು.”

“ಮೆಸ್ ಉಂಟಾ? ಊಟ ಯಾರು ಮಾಡ್ತಾರೆ?”

“ನನ್ನ ಹೇಣ್ತಿ ಮಾಡ್ತಾಳ. ಆಕಿ ತಂಗೀನೂ ಕೈ ಹಚ್ಚತಾಳ.”

“ಹೆಂಗಸರು ಬರ್ತಾರಾ? ಕ್ಯಾಂಪಿಗೆ?”

“ಫ್ಯಾಮಿಲಿ ಕ್ಯಾಂಪ್ ಅಲ್ಲೇನ್ರಿ? ಹತ್ತು ವರ್ಷದ ಮಗಳೂ ಬರ್ತಾಳ. ವಯಸ್ಸಾದವರು ಇಬ್ಬರು ಅದಾರ. ಹೆಂಗಸರಿಗೊಂದು, ಗಂಡಸರಿಗೊಂದು ಕೊಟ್ಟುಬಿಡ್ರಿ.”

“ಕಂಪನಿಗೆ ಗೊತ್ತುಂಟಾ? ವೀಸಾ ಕೊಟ್ಟ ಕಫೀಲ್ ಏನು ಹೇಳಿದ?”

“ಯಾರಿಗೂ ಏನೂ ಹೇಳಿಲ್ರಿ. ಸುಮ್ನ ರಜಾ ಹಾಕಿ ಹೊಂಟೀವಿ.”

ಅಫ್ರಾಜ್ ಎದ್ದು ಹೋಗಿ ತಾವೇ ಒಂದು ಗ್ಲಾಸು ಸುಲೈಮಾನಿ ಚಹಾ ತಂದು ಅವನ ಮುಂದಿಟ್ಟರು. ಹೆಂಡತಿ ಮಕ್ಕಳ ಸಮೇತ ಕೂಲಿ ಕ್ಯಾಂಪು ಸೇರುವ ಸ್ಥಿತಿ ಬಂದರೂ ಟೈ ಕಟ್ಟಿಕೊಂಡು, ಮುಖದಲ್ಲಿ ನಗು ಇಟ್ಟುಕೊಂಡು ಕೂತಿರುವ ಈ ಮನುಷ್ಯನನ್ನು ಕಂಡು ಅವರ ಕಣ್ಣು ತೇವವಾಗಿತ್ತು. “ನೋಡಿ, ಫಿನ್ಸ್ ದಾಟಿದ ಮೇಲೆ ನಂದೇ ಎರಡು ಕ್ಯಾರವಾನ್ ಉಂಟು. ರೋಡಿನ ಕೆಲಸ ಮುಗಿದಿದೆ, ಖಾಲಿ ಬಿದ್ದಿದೆ. ಕಡಲು ಎದುರಿಗೇ. ನೀವು ಎಷ್ಟು ದಿನ ಬೇಕಾದ್ರೂ ಇರಿ. ಬಾಡಿಗೆ ಮಾತು ಬೇಡ, ಖಲಾಸ್.”

“ಚಕ್ರ ಅದಾವಲ್ರಿ?” ಎಂದು ಶಿವಪ್ರಕಾಶ ಗತ್ತಿನಿಂದ ಕೇಳಿದ.

“ಚಕ್ರ ಟ್ರೈಲರಿಗೆ ಉಂಟಲ್ಲ.”

ಉತ್ತರ ಸಮಾಧಾನಕರವಾಗಿತ್ತು. ಫೋಟೋ ತೋರಿಸಿ ಎಂದು ಅವನು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲದವನು ಎಂದಾಗುತ್ತದೆ. ಮನೆಗೆ ಬಂದು ತ್ರಿವೇಣಿಗೆ, “ಉಡುಪಿ ಕಡಿ ಮಂದಿ ಅಂದ್ರ ಮಂದಿ ನೋಡು. ನನ್ನ ಮಾತು ಕೇಳಿ ಎದ್ದು ನಿಂತು ಚಹಾ ಕೊಟ್ರು,” ಎಂದ.

ಅಫ್ರಾಜರಿಗೆ ಮನಸ್ಸು ತಡೆಯಲಿಲ್ಲ. ಅವರು ಇವಾನನಿಗೆ ಫೋನು ಮಾಡಿ, ನಿಮ್ಮ ಆಫೀಸಿನವರ ಪರಿಸ್ಥಿತಿ ಇಷ್ಟು ಕಷ್ಟವಾ ಎಂದು ವಿಚಾರಿಸಿದರು. ಇವಾನ್ ಬೆವತುಹೋದ. ಪಕ್ಕದ ಮೇಜಿನವನ ಕೆಲಸ ಹೋಗಿದೆ, ತನಗೆ ಸುಳಿವೇ ಇಲ್ಲ. ಹಾಗಾದರೆ ಮುಂದಿನ ಮೇಜು ತನ್ನದೇ. ಮರುದಿನ ಮಧ್ಯಾಹ್ನದ ಹೊತ್ತಿಗೆ ಕ್ಲೇಮ್ ವಿಭಾಗದ ಒಂಬತ್ತು ಜನರೂ ತಮ್ಮ ಬಯೋಡೇಟಾ ತಿದ್ದುತ್ತಿದ್ದರು. ಪ್ರಿಂಟರಿನಲ್ಲಿ ಕಾಗದ ಮುಗಿಯಿತು.

ಕಾಗದ ಯಾಕೆ ಮುಗಿಯಿತೆಂದು ವಿಚಾರಿಸಿದ ಒಮಾನಿ ಮ್ಯಾನೇಜರು ಶಿವಪ್ರಕಾಶನನ್ನು ಒಳಗೆ ಕರೆಸಿದರು. “ಶಿವಾ, ಕುಲ್ಲು ತಮಾಮ್? ಎಲ್ಲ ಸರಿಯಿದೆಯಾ? ನೀನು ಕ್ಯಾಂಪಿಗೆ ಹೋಗ್ತಿದ್ದೀಯಂತೆ?”

“ಹೌದು ಸರ್. ಫ್ಯಾಮಿಲಿ ಜೊತೆ. ನೀವೂ ಒಂದು ಸಲ ಬರಬೇಕು.”

ಕೆಲಸದಿಂದ ಯಾರನ್ನೂ ತೆಗೆದಿಲ್ಲ ಎಂಬುದು ಮ್ಯಾನೇಜರಿಗೆ ಗೊತ್ತಿತ್ತು. ಹಾಗಾಗಿ ಇದು ಮನೆಯ ಕಷ್ಟವೇ ಇರಬೇಕೆಂದು ತಿಳಿದು, ಒಂದು ದಿನ ಹೆಚ್ಚಿಗೆ ರಜೆ ಬರೆದು, ತಮ್ಮ ತೋಟದ ಖರ್ಜೂರದ ಒಂದು ಡಬ್ಬ ಕೈಯಲ್ಲಿಟ್ಟು, ಅಲ್ಲಾಹು ಕರೀಮ್, ದೇವರು ಕೈಬಿಡುವುದಿಲ್ಲ ಎಂದರು. ಆಫೀಸಿನಲ್ಲಿ ತನ್ನ ಬೆಲೆ ಇಷ್ಟಿದೆಯೆಂದು ಶಿವಪ್ರಕಾಶನಿಗೆ ಅಂದೇ ತಿಳಿದದ್ದು.

ಮನೆಯಲ್ಲಿ ಇನ್ನೊಂದು ಬಗೆ. ಇವಾನನ ಹೆಂಡತಿ ಕ್ಲೆಮೆಂಟಿನಾ ಹತ್ತು ಕೇಜಿ ಕುಚ್ಚಲಕ್ಕಿಯ ಚೀಲ, ಎರಡು ಕಂಬಳಿ ಹೊತ್ತು ಮೆಟ್ಟಿಲಿಳಿದು ಬಂದಳು. “ನೀವು ಏನೂ ಎಣಿಸಬೇಡಿ ತ್ರಿವೇಣಿ. ನಮಗೂ ಒಂದು ಸರ್ತಿ ಹೀಗೇ ಆಗಿತ್ತು. ಆಶಿತಾ ಬೇಕಾದ್ರೆ ನಮ್ಮಲ್ಲೇ ಇರ್ಲಿ. ಮಗುವಿನ ಶಾಲೆ ತಪ್ಪುವುದು ಬೇಡ.”

“ಅಯ್ಯ, ಎರಡ ದಿನಕ್ಕ ಹೊಂಟೀವ್ರಿ!”

“ಎಲ್ಲರೂ ಹಾಗೇ ಹೇಳಿ ಹೋಗುವುದು,” ಎಂದು ಕ್ಲೆಮೆಂಟಿನಾ ಅವಳನ್ನು ತಬ್ಬಿಕೊಂಡು ಅತ್ತಳು.

ಕಟ್ಟಡದ ವಾಚ್‌ಮನ್ ಬಂದು ಫ್ರಿಜ್ಜು, ವಾಷಿಂಗ್ ಮಷಿನ್ನು ಎರಡನ್ನೂ ನೋಡಿ, ಮಷಿನ್ನನ್ನು ಬೇರೆ ಯಾರಿಗೂ ಮಾರಬೇಡಿ ಸಾಬ್ ಎಂದು ಕೇಳಿಕೊಂಡು ಹೋದ. ತ್ರಿವೇಣಿ ಸೊಂಟದ ಮೇಲೆ ಕೈಯಿಟ್ಟಳು. “ಎರಡು ದಿನದ ಪಿಕ್ನಿಕ್ಕಿಗೆ ಈ ಮಂದಿ ಯಾಕ ಹಿಂಗ ಮಾಡಾಕತ್ತಾರ್ರಿ? ಏನೋ ಗಡಬಡ ಐತಿ.”

“ಹೊಟ್ಟಿಕಿಚ್ಚು,” ಎಂದ ಶಿವಪ್ರಕಾಶ.

“ಡ್ಯಾಡ್, ನೋಬಡಿ ಗಿವ್ಸ್ ರೈಸ್ ಔಟ್ ಆಫ್ 'ಹೊಟ್ಟೆಕಿಚ್ಚು',” ಎಂದಳು ಆಶಿತಾ.

ಬುಧವಾರ ಸಂಜೆ ಕೆಂಪಣ್ಣ ಒಬ್ಬರೇ ಬಂದರು. ಒಳಗೆ ಬರಲಿಲ್ಲ. ಶಿವಪ್ರಕಾಶನನ್ನು ಕೆಳಗೆ ಪಾರ್ಕಿಂಗಿಗೆ ಕರೆಸಿ, ಎರಡು ಕಾರುಗಳ ನಡುವೆ ನಿಂತು, ಪಿಸುದನಿಯಲ್ಲಿ ಮಾತಾಡಿದರು.

“ಸ್ವಾಮೀ, ಈ ಕ್ಯಾರವಾನ್ ಬೇಡ. ಹೋಟ್ಲು ಮಾಡಿ. ದುಡ್ಡು ನಾನು ಕೊಡ್ತೀನಿ.”

“ಛೆ ಛೆ, ಸಂಕೋಚ ಮಾಡ್ಕೋಬ್ಯಾಡ್ರಿ.”

“ಸಂಕೋಚ ಅಲ್ಲಪ್ಪ. ನೀವು ಎಲ್ಲಿಂದ ತರಿಸಿದ್ದೀರಿ?”

“ಘಾಲಾದಿಂದ.”

ಕೆಂಪಣ್ಣ ಕಾರಿನ ಬಾನೆಟ್ಟಿಗೆ ಕೈ ಊರಿಕೊಂಡರು. “ನಿಮ್ಗೆ ದಮ್ಮಯ್ಯ ಅಂತೀನಿ. ಹುಡುಗಿಗೆ ಹುಷಾರಿಲ್ಲ ಅಂತ ಹೇಳಿ, ನಿಮ್ಗೇ ಹುಷಾರಿಲ್ಲ ಅಂತ ಹೇಳಿ, ಏನಾದ್ರೂ ಹೇಳಿ. ಕ್ಯಾರವಾನ್ ಒಂದು ಬೇಡ.”

“ನೀವು ಹನ್ನೊಂದು ವರ್ಷ ಇದ್ದು ಬ್ಯಾಸರಾಗಿರಬೇಕ್ರಿ. ಆದ್ರ ನಿಮ್ಮ ಮನಿಯವರು ನೋಡಿಲ್ಲಲ್ಲ,” ಎಂದ ಶಿವಪ್ರಕಾಶ, ಅವರ ಬೆನ್ನು ತಟ್ಟಿ. ಕೆಂಪಣ್ಣ ಟ್ಯಾಕ್ಸಿ ಹತ್ತಿದರು. ದೊಡ್ಡ ಮನುಷ್ಯರು, ಎಷ್ಟು ನಿಗರ್ವಿಗಳು ಎಂದು ಶಿವಪ್ರಕಾಶ ಅವರನ್ನು ಮೆಚ್ಚಿಕೊಂಡ.

ಗುರುವಾರ ಎರಡು ಕಾರುಗಳು ಕುರಿಯಾತ್ ದಾಟಿ ಕಡಲ ದಂಡೆಯ ಹೆದ್ದಾರಿ ಹಿಡಿದವು. ಮುಂದಿನದರಲ್ಲಿ ಶಿವಪ್ರಕಾಶನ ಸಂಸಾರ ಮತ್ತು ಶುಭಾ, ಹಿಂದಿನದರಲ್ಲಿ ಕಿಶನ್ ಮತ್ತು ಅವನ ತಂದೆತಾಯಿ. ಅಂಬುಜಮ್ಮ ಹೊಸ ಮೈಸೂರು ಸಿಲ್ಕ್ ಉಟ್ಟಿದ್ದರು. ಫಿನ್ಸ್ ದಾಟಿ ನಾಲ್ಕು ಕಿಲೋಮೀಟರಿನಲ್ಲಿ ಎಡಕ್ಕೆ ಮಣ್ಣಿನ ದಾರಿ, ಅದರ ಕೊನೆಯಲ್ಲಿ ತಂತಿಬೇಲಿ, ಒಂದು ಗೇಟು. ಗೇಟಿನಲ್ಲಿ ದಪ್ಪ ರಿಜಿಸ್ಟರು ಹಿಡಿದ ಬಿಹಾರದ ಗಾರ್ಡು.

“ನೋಡ್ರಿ, ಚೆಕ್-ಇನ್,” ಎಂದು ಶಿವಪ್ರಕಾಶ ಎಲ್ಲರನ್ನೂ ಇಳಿಸಿ ಸಾಲಾಗಿ ನಿಲ್ಲಿಸಿದ.

ಗಾರ್ಡಿಗೆ ಅಫ್ರಾಜರ ಫೋನು ಬಂದಿತ್ತು. ಏಳು ಜನ ಹೊಸ ಕೆಲಸಗಾರರು ಬರುತ್ತಾರೆ ಎಂದು ಅವನು ತಿಳಿದಿದ್ದ. ರಿಜಿಸ್ಟರಿನಲ್ಲಿ ಹೆಸರು, ಕಸುಬು ಎಂಬ ಎರಡು ಕಾಲಂಗಳಿದ್ದವು. ಸರ್ಕಾರಿ ನಿಯಮ, ಬಿಡುವ ಹಾಗಿಲ್ಲ.

“ಟ್ರೇಡ್?” ಎಂದು ಶುಭಾಳನ್ನು ಕೇಳಿದ.

“ಲ್ಯಾಬ್,” ಎಂದಳು ಶುಭಾ. ಗಾರ್ಡು ಲೇಬರ್ ಎಂದು ಬರೆದುಕೊಂಡ.

“ಟ್ರೇಡ್?”

“ಹೌಸ್‌ವೈಫ್,” ಎಂದರು ಅಂಬುಜಮ್ಮ. ಅವನು ಪಟ್ಟಿಯನ್ನೆಲ್ಲ ಹುಡುಕಿ, ಅಂಥ ಕಸುಬು ಕಾಣದೆ, ಹೆಲ್ಪರ್ ಎಂದು ಬರೆದ. ಶಿವಪ್ರಕಾಶ ಕ್ಲೇಮ್ಸ್ ಎಂದದ್ದು ಅವನಿಗೆ ಕ್ರೇನ್ಸ್ ಎಂದು ಕೇಳಿಸಿತು. ಕ್ರೇನ್ ಆಪರೇಟರಿಗೆ ಟೈ ಯಾಕೆಂದು ಅವನು ಕೇಳಲಿಲ್ಲ. ಕೊನೆಯಲ್ಲಿ ಕೆಂಪಣ್ಣನವರ ಸರದಿ ಬಂದಾಗ ಅವರು ತಾವಾಗಿಯೇ ಪೆನ್ನು ತೆಗೆದುಕೊಂಡು, ಎರಡೂ ಕಾಲಂ ತುಂಬಿಸಿ, ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಸಹಿ ಮಾಡಿ, ಪುಸ್ತಕ ಮುಚ್ಚಿಕೊಟ್ಟರು.

ಒಳಗೆ ಕಡಲಿತ್ತು. ಅದರಲ್ಲಿ ಮೋಸವಿಲ್ಲ. ನೂರು ಹೆಜ್ಜೆಯಲ್ಲಿ ನೀಲಿ ನೀರು, ಬಿಳಿ ನೊರೆ, ಎಲ್ಲ ಇತ್ತು. ಅದಕ್ಕೆ ಮುಖ ಮಾಡಿ, ಸಿಮೆಂಟಿನ ಇಟ್ಟಿಗೆಗಳ ಮೇಲೆ, ಮಣ್ಣಿನ ಬಣ್ಣದ ಎರಡು ತಗಡಿನ ಡಬ್ಬಿಗಳಿದ್ದವು. ಒಂದರ ಮೇಲೆ ಹದಿನಾಲ್ಕು, ಇನ್ನೊಂದರ ಮೇಲೆ ಹದಿನೈದು ಎಂದು ಬಣ್ಣದಲ್ಲಿ ಬರೆದಿತ್ತು.

“ಇದು ಆಫೀಸ್ ಇರಬೇಕ್ರಿ,” ಎಂದ ಶಿವಪ್ರಕಾಶ. “ಕ್ಯಾರವಾನ್ ಹಿಂದಿರತಾವ.”

ಏಳೂ ಜನ ಹಿಂದೆ ಹೋದರು. ಹಿಂದೆ ನೀರಿನ ಟ್ಯಾಂಕು, ಅದರ ಪಕ್ಕ ಪಾಯಖಾನೆಯ ಸಾಲು, ಅದರಾಚೆ ಬೆಟ್ಟ. ಮತ್ತೆ ಏಳೂ ಜನ ಮುಂದೆ ಬಂದರು. ಗಾರ್ಡು ಬೀಗದ ಕೈ ತಂದು ಹದಿನಾಲ್ಕನೆಯದರ ಬಾಗಿಲು ತೆರೆದ. “ಯಹೀ ಹೈ ಕ್ಯಾರವಾನ್.”

ಒಳಗೆ ಕಬ್ಬಿಣದ ಅಟ್ಟದ ಮಂಚಗಳು ಮೂರು, ಕೆಳಗೆ ಮೇಲೆ ಸೇರಿ ಆರು ಜನಕ್ಕೆ. ಪ್ಲೈವುಡ್ಡಿನ ಗೋಡೆಯಲ್ಲಿ ಅಂಗಿ ನೇತುಹಾಕಲು ಒಬ್ಬೊಬ್ಬರಿಗೆ ಒಂದೊಂದು ಮೊಳೆ. ಕಿಟಕಿಗೆ ಬಿಸಿಲು ತಡೆಯಲು ಅಂಟಿಸಿದ ಅಲ್ಯುಮಿನಿಯಂ ಹಾಳೆ. ಯಾರೋ ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಊರಿಗೆ ಹೋಗಲು ಉಳಿದ ದಿನ ಎಣಿಸಿ ಗೆರೆ ಎಳೆದಿದ್ದರು. ಗೆರೆಗಳು ಮಂಚದ ಹಿಂದೆ ಹೋಗಿ ಮುಂದುವರಿದಿದ್ದವು.

ಶುಭಾ ಭಾವನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಶಿವಪ್ರಕಾಶ ತಡೆದುಕೊಳ್ಳುತ್ತಿದ್ದ. ಅವಳು ಕಡಲಿನ ಕಡೆ ತಿರುಗಿ ನಿಂತಳು. ಅಲ್ಲಿಗೆ ಶಿವಪ್ರಕಾಶನಿಗೆ ಖಾತ್ರಿಯಾಯಿತು. ಮೂರನೆಯದೂ ಹೋಯಿತು, ತನ್ನ ಕೈಯಾರೆ ಹೋಯಿತು.

“ಏನ್ರೀ ಇದು?” ಅಂಬುಜಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. “ನಮ್ಮನ್ನ ಏನಂದ್ಕೊಂಡಿದ್ದೀರಿ? ಕುರಿ ಕೂಡೋ ಜಾಗಕ್ಕೆ ಕರ್ಕೊಂಡು ಬಂದು ಕ್ಯಾರವಾನ್ ಅಂತೀರಲ್ಲ! ಹುಡುಗಿ ಕಡೆಯವರು ಇಂಥವರು ಅಂತ ಇವತ್ತೇ ಗೊತ್ತಾಯ್ತು, ಒಳ್ಳೇದೇ ಆಯ್ತು. ಕಿಶನ್, ಕಾರ್ ತೆಗಿ. ಏನೂಂದ್ರೆ, ಕ್ಯಾರವಾನ್ ಅಂದ್ರೆ ಹೇಗಿರತ್ತೆ ಅಂತ ನೀವೇ ಒಂದ್ಸಲ ಹೇಳ್ರೀ ಈ ಮಹಾನುಭಾವರಿಗೆ. ಹನ್ನೊಂದು ವರ್ಷ ಇದ್ರಲ್ಲ!”

ಕೆಂಪಣ್ಣ ಹೆಂಡತಿಯ ಪಕ್ಕದಿಂದ ಒಳಗೆ ಹೋದರು. ತಲೆ ತಗ್ಗಿಸಬೇಕಾದ ಕಡೆ ನೋಡದೆಯೇ ತಗ್ಗಿಸಿದರು. ಏಸಿಯ ಗುಂಡಿ ಒತ್ತಿದರು, ಅದು ನಡುಗಿ ನಿಂತುಹೋಯಿತು. ಜೇಬಿನಿಂದ ಸಿಗರೇಟಿನ ಖಾಲಿ ಪೆಟ್ಟಿಗೆ ತೆಗೆದು ಮಡಚಿ ಏಸಿಯ ಸಂದಿಗೆ ತುರುಕಿ, ಎಡ ಮೂಲೆಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟರು. ಏಸಿ ಶುರುವಾಯಿತು. ಆಮೇಲೆ ಮೂಲೆಯ ಕೆಳಮಂಚದ ತುದಿಯಲ್ಲಿ, ಬಹಳ ದಿನದಿಂದ ಕೂತು ರೂಢಿಯಾದವರ ಹಾಗೆ ಕೂತರು.

“ಇದೇ ಕಣೆ, ಅಂಬುಜಾ,” ಎಂದರು. “ನಮ್ಮದು ಇಷ್ಟು ದೊಡ್ಡದಿರ್ಲಿಲ್ಲ. ಎಂಟು ಜನ ಇದ್ವಿ.”

ಅಂಬುಜಮ್ಮ ಏಸಿಯ ಕಡೆ ನೋಡಿದರು.

“ಏಸಿ ಇಡೀ ದಿನ ಅಂತ ಬರೆದಿದ್ರಿ,” ಎಂದರು ಅಂಬುಜಮ್ಮ. ಅವರ ದನಿ ಸಣ್ಣದಾಗಿತ್ತು.

“ಕರೆಂಟ್ ಇದ್ದ ದಿನ ಇಡೀ ದಿನವೇ.”

“ಅಡುಗೆಗೆ ಆಳು ಅಂತ?”

“ಇದ್ದ. ಗುರುವಾರ ಗುರುವಾರ ಆ ಆಳು ನಾನೇ.”

“ಒಬ್ಬರೇ ಇರ್ತೀನಿ, ಆರಾಮ್ ಅಂತ?”

“ಮಂಚದ ಮೇಲೆ ಒಬ್ಬನೇ.”

“ಸಮುದ್ರ?”

“ಅದು ಮಾತ್ರ ಸುಳ್ಳಲ್ಲ. ಆದ್ರೆ ಬಾಗಿಲು ತೆಗೆದ್ರೆ ಮರಳು ಒಳಗೆ ಬರೋದು. ಮುಚ್ಚೇ ಇಡ್ತಿದ್ವಿ.”

ಅಂಬುಜಮ್ಮ ಸೀರೆಯ ನೆರಿಗೆ ಬಿಟ್ಟುಬಿಟ್ಟರು. ಅದನ್ನು ನೆಲದ ಮರಳಿನಲ್ಲಿ ಎಳೆದುಕೊಂಡೇ ಬಂದು ಗಂಡನ ಮುಂದೆ ನಿಂತರು. “ನಾನು ಪ್ರತಿ ಕಾಗದದಲ್ಲೂ ಬೈತಿದ್ನಲ್ರೀ. ನಾನಿಲ್ಲಿ ಸಾಯ್ತಿದ್ದೀನಿ, ನೀವಲ್ಲಿ ಸಮುದ್ರದ ದಡದಲ್ಲಿ ಮಜಾ ಮಾಡ್ತಿದ್ದೀರಿ ಅಂತ.”

“ಹೂಂ, ಬೈತಿದ್ದೆ,” ಎಂದರು ಕೆಂಪಣ್ಣ. “ಅದನ್ನ ಓದ್ತಾ ಇದ್ರೆ, ಮಜಾ ಮಾಡ್ತಿದ್ದೀನಿ ಅಂತ ನಂಗೂ ಅನ್ನಿಸೋದು.”

ಅಂಬುಜಮ್ಮ ಗಂಡನ ಪಕ್ಕದಲ್ಲಿ ಕೂತು, ಮಂಚದ ಕಬ್ಬಿಣದ ಕಾಲನ್ನು ಹಿಡಿದುಕೊಂಡು, ಸದ್ದು ಮಾಡಿಯೇ ಅತ್ತರು. ಕಿಶನ್ ಏನು ಮಾಡಬೇಕೆಂದು ತಿಳಿಯದೆ ಅಪ್ಪನ ಅಂಗಿಯ ತೋಳು ಹಿಡಿದು ನಿಂತ. ತ್ರಿವೇಣಿ ಆಶಿತಾಳ ಬಾಯಿ ಮುಚ್ಚಿದಳು, ಆಶಿತಾ ಏನೂ ಹೇಳಲು ಹೊರಟಿರಲಿಲ್ಲ.

ಬಾಯಿ ಮುಚ್ಚಿಸಬೇಕಾದವನು ಬೇರೆಯೇ ಇದ್ದ. ಶಿವಪ್ರಕಾಶನಿಗೆ ನಡೆದದ್ದರ ತಲೆಬುಡ ತಿಳಿದಿರಲಿಲ್ಲ. ಅವನು ಫೋನು ಹಿಡಿದುಕೊಂಡು ಒಳಗೆ ನುಗ್ಗಿದ. “ಅಮ್ಮಾರ, ಅಳಬ್ಯಾಡ್ರಿ. ಸೂರ್‌ನ್ಯಾಗ ಹೋಟೆಲ್ ಐತಿ, ಸೀ ವ್ಯೂ ರೂಮ್ ಖಾಲಿ ಅದಾವಂತ. ಒಂದು ತಾಸಿನ ದಾರಿ. ಬ್ರೇಕ್‌ಫಾಸ್ಟ್ ಫ್ರೀ.”

“ಸುಮ್ನಿರಿ ಒಂದು ನಿಮಿಷ,” ಎಂದರು ಅಂಬುಜಮ್ಮ. “ನಾನು ಎಲ್ಲಿಗೂ ಬರಲ್ಲ. ಎರಡು ದಿನ ಅಂತ ಬಂದಿದ್ದೀವಿ, ಎರಡು ದಿನ ಇಲ್ಲೇ ಇರೋದು. ನಾನು ಈ ಮಂಚದ ಮೇಲೇ ಮಲಗೋದು.”

“ಹಂಗಾರ,” ಶಿವಪ್ರಕಾಶ ಒಂದು ಹೆಜ್ಜೆ ಮುಂದೆ ಬಂದ, “ನಮ್ಮ ಹುಡುಗಿ ವಿಷಯ…”

ತ್ರಿವೇಣಿ ಅವನ ಟೈ ಹಿಡಿದು ಹಿಂದಕ್ಕೆಳೆದಳು.

ಶುಭಾ ಆಗಲೇ ಕಾರಿನಿಂದ ನೀರಿನ ಬಾಟಲಿ ತಂದಿದ್ದಳು. ಮುಚ್ಚಳ ತೆಗೆದು ಅಂಬುಜಮ್ಮನವರ ಮುಂದೆ ಹಿಡಿದಳು. ಅವರು ಬಾಟಲಿಯ ಬದಲು ಅವಳ ಮಣಿಕಟ್ಟನ್ನು ಹಿಡಿದರು.

“ನೋಡಮ್ಮ,” ಎಂದರು. “ನಾಳೆ ನಮ್ಮ ಕಿಶನ್ ಕೆಲಸ ಅಂತ ಬುರೈಮಿಗೋ ಇನ್ನೆಲ್ಲಿಗೋ ಹೋಗಿ, ಅಲ್ಲಿಂದ ಫೋನ್ ಮಾಡಿ ‘ಎಲ್ಲಾ ಚೆನ್ನಾಗಿದೆ, ನೀನೇನೂ ಯೋಚನೆ ಮಾಡ್ಬೇಡ’ ಅಂತಾನೆ. ನಂಬ್ಕೊಂಡು ಮನೇಲಿ ಕೂತಿರ್ಬೇಡ. ಬಸ್ಸು ಹತ್ತು. ಹೋಗಿ ಕಣ್ಣಾರೆ ನೋಡ್ಕೊಂಡು ಬಾ. ನನ್ನ ಹಾಗೆ ಮಾಡ್ಬೇಡ.”

ಶುಭಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವಳು ಕಿಶನನ ಕಡೆ ನೋಡಿದಳು, ಅವನು ನೆಲ ನೋಡುತ್ತಿದ್ದ. ಇಷ್ಟು ದಿನ ಆಂಟಿ ಎನ್ನುತ್ತಿದ್ದವಳ ಬಾಯಲ್ಲಿ ಊರಿನ ಮಾತು ತಾನಾಗಿ ಬಂತು.

“ಹೂನ್ರಿ, ಅತ್ತಿ.”

“ನಮ್ಮ ಕಡೆ ಅತ್ತಿ ಅಂದ್ರೆ ಮರ ಕಣೆ,” ಎಂದರು ಅಂಬುಜಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಅತ್ತೆ ಅನ್ನು.”